ಅಡ್ವಾನ್ಸ್ಡ್ ಡೈವಿಂಗ್ ಕ್ಲಾಸ್ ಆರ್ಗನೈಸ್ ಮಾಡ್ತೀರಾ? ನೇತ್ರಾಣಿ ಬೋಟ್‌ಗಿಂತ ಮೊದ್ಲು ಪೂಲ್ ಬುಕ್ ಮಾಡಿ

ಸ್ಕೂಬಾ ಡೈವಿಂಗ್‌ನ ಮೊದಲ ಹಂತದ ಓಪನ್ ವಾಟರ್ ಕಾರ್ಡ್ ಇರೋ ನಾಲ್ಕು ಜನ ಒಂದ್ಕಡೆ ಸೇರಿದ್ರೆ ಸಾಕು, ಯಾರಾದ್ರೂ ಒಬ್ರು "ಅಡ್ವಾನ್ಸ್ಡ್ ಮಾಡೋಣ್ವಾ" ಅಂತಾರೆ, ಎಲ್ರೂ ಹೂಂ ಅಂತಾರೆ, ಆಮೇಲೆ ಓಡಾಟ ಎಲ್ಲಾ ಒಬ್ರ ತಲೆ ಮೇಲೆ ಬೀಳತ್ತೆ. ನಮ್ಮ ಬೆಂಗಳೂರು ಗುಂಪಲ್ಲಿ ಆ ತಲೆ ನಂದು.

ಕಲಿಸೋದು, ಕಾರ್ಡ್ ಕೊಡೋದು ಇನ್‌ಸ್ಟ್ರಕ್ಟರ್ ಕೆಲಸ, ಅದಕ್ಕೆ ನಾವು ಕೈ ಹಾಕೋ ಹಾಗಿಲ್ಲ. ಪ್ಯಾಡಿ (ಡೈವಿಂಗ್ ಕೋರ್ಸ್ ನಡೆಸಿ ಕಾರ್ಡ್ ಕೊಡೋ ಸಂಸ್ಥೆ) ಅಡ್ವಾನ್ಸ್ಡ್ ಅಂದ್ರೆ 5 ಡೈವ್, ಡೀಪ್ (ಆಳದ ಡೈವ್) ಮತ್ತೆ ನ್ಯಾವಿಗೇಶನ್ (ಕಂಪಾಸ್ ಹಿಡಿದು ದಾರಿ ಹುಡುಕೋದು) ಕಡ್ಡಾಯ, ಉಳಿದ 3 ನಿಮ್ಮಿಷ್ಟ, ಮುಗಿದ್ಮೇಲೆ 18 ಮೀಟರ್ ಇದ್ದ ಲಿಮಿಟ್ 30 ಆಗತ್ತೆ. ಎರಡೇ ದಿನದಲ್ಲಿ ಮುಗಿಸ್ಬಹುದು. ತೊಂದ್ರೆ ಇರೋದೇ ಅಲ್ಲಿ. ಮೊದಲ್ನೇ ಸಲ ನಾನು ಸೀದಾ ನೇತ್ರಾಣಿ ದ್ವೀಪದ ಬೋಟ್ ಹೊರಡೋ ಮುರುಡೇಶ್ವರಕ್ಕೆ ಕರ್ಕೊಂಡ್ ಹೋದೆ, ಬೋಟಲ್ಲಿ ಕೂತ್ಮೇಲೆ ಗೊತ್ತಾಯ್ತು ಇಬ್ರು ಕಂಪಾಸ್ ಕೈಲಿ ಹಿಡಿದೇ ಇಲ್ಲ ಅಂತ, ಇನ್ನೊಬ್ರು ಸರ್ಫೇಸ್ ಮಾರ್ಕರ್ (ನಾವು ಎಲ್ಲಿದೀವಿ ಅಂತ ಬೋಟ್‌ಗೆ ತೋರ್ಸೋಕೆ ಮೇಲಕ್ಕೆ ಬಿಡೋದು) ಬಲೂನ್‌ಗೆ ಗಾಳಿ ತುಂಬೋಕೆ ಹೋಗಿ ದಾರ ಬೆರಳಿಗೆ ಸುತ್ಕೊಂಡು ಅದ್ರ ಜೊತೆ ತಾವೂ ಮೇಲಕ್ಕೆ ಹೋದ್ರು. ಆರು ಮೀಟರ್‌ನಲ್ಲಿ ಆಗಿದ್ದಕ್ಕೆ ಬಚಾವ್.

ಅದಕ್ಕೇ ಈಗ ಎರಡು ಭಾನುವಾರ ಪೂಲ್‌ಗೆ ಅಂತ ಇಡ್ತೀನಿ. ಮೂರು ಮೀಟರ್ ಆಳದ ಪೂಲ್ ಸಿಕ್ರೆ ಒಳ್ಳೇದು, ಸಿಗ್ಲಿಲ್ಲ ಅಂದ್ರೆ ನಾಲ್ಕಡಿ ಅಪಾರ್ಟ್‌ಮೆಂಟ್ ಪೂಲೂ ನಡಿಯತ್ತೆ (ಅಸೋಸಿಯೇಷನ್ ಸೆಕ್ರೆಟರಿನ ಒಪ್ಸೋದು ಡೀಪ್ ಡೈವ್‌ಗಿಂತ ಕಷ್ಟ). ನೀರು ಕಮ್ಮಿ ಇದ್ದಷ್ಟೂ ತೇಲಾಡದೆ ನಿಲ್ಲೋದು ಜಾಸ್ತಿ ಕಷ್ಟ, ಯಾಕಂದ್ರೆ ಮೇಲ್ಗಡೆ ಒಂದಡಿ ಹೆಚ್ಚುಕಮ್ಮಿ ಆದ್ರೂ ಜಾಕೆಟ್ ಒಳಗಿನ ಗಾಳಿ ಜೋರಾಗಿ ಹಿಗ್ಗತ್ತೆ, ಕುಗ್ಗತ್ತೆ. ನೆಲ ಮುಟ್ಟದೆ ತೇಲ್ತಾನೇ ಮಾಸ್ಕ್ ತೆಗೆದು ಹಾಕೋದು, ಜೊತೆಗಾರರಿಗೆ ನಮ್ಮ ಸಿಲಿಂಡರ್‌ನಿಂದ ಗಾಳಿ ಕೊಡೋದು, ಕಪ್ಪೆ ಥರ ಕಾಲು ಹೊಡಿಯೋದು, ಮಾರ್ಕರ್ ಬಿಡೋದು. ಇಷ್ಟು ಸಲೀಸಾಗಿ ಬರೋವರೆಗೂ ಸಮುದ್ರ ಬೇಡ. ಕಂಪಾಸ್‌ಗೆ ನೀರೇ ಬೇಡ, ಪಾರ್ಕಲ್ಲಿ ತಲೆಗೆ ಟವೆಲ್ ಹೊದ್ಕೊಂಡು ಚೌಕಾಕಾರ ನಡೀರಿ, ಜನ ನಗ್ತಾರೆ, ನಗ್ಲಿ.

ಎರಡನೇ ಭಾನುವಾರ ಒಂದು ಗಂಟೆ ಲೆಕ್ಕದ ಕ್ಲಾಸ್. ನಾನು ಯಾವತ್ತೂ ಬಿಡದೇ ಇರೋ ಭಾಗ ಇದು. 30 ಮೀಟರ್‌ನಲ್ಲಿ ಒತ್ತಡ 4 ಬಾರ್, ನೀರಿನ ಮೇಲಿರೋದ್ರ ನಾಲ್ಕರಷ್ಟು, ಅಂದ್ರೆ ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡೋರು ಅಲ್ಲಿ 80 ಲೀಟರ್ ಖಾಲಿ ಮಾಡ್ತಾರೆ. ಈಗ ಒಬ್ರ ಗಾಳಿ ಪೂರ್ತಿ ನಿಂತೋಯ್ತು ಅನ್ಕೊಳ್ಳಿ, ಇಬ್ರೂ ಒಂದೇ ಸಿಲಿಂಡರ್, ಗಾಬರಿಗೆ ತಲಾ 30 ಲೀಟರ್ ಅಂತ ಹಿಡೀರಿ. ಕೆಳಗೆ ಒಂದು ನಿಮಿಷ ಸುಧಾರಿಸ್ಕೊಳ್ಳೋಕೆ 240, ನಿಮಿಷಕ್ಕೆ 9 ಮೀಟರ್‌ನಂತೆ ಏರೋಕೆ ಹೆಚ್ಚುಕಮ್ಮಿ 500, 5 ಮೀಟರ್‌ನಲ್ಲಿ 3 ನಿಮಿಷ ನಿಲ್ಲೋಕೆ 270, ಒಟ್ಟು ಸಾವಿರ ಲೀಟರ್ ದಾಟತ್ತೆ. 11 ಲೀಟರ್ ಸಿಲಿಂಡರ್‌ಗೆ ಅದು 90 ಬಾರ್‌ಗೂ ಮೇಲೆ. ಅಂದ್ರೆ "ಸಿಲಿಂಡರಲ್ಲಿ 50 ಬಾರ್ ಇದ್ದಾಗ ಮೇಲೆ ಬಂದ್ರಾಯ್ತು" ಅನ್ನೋ ಓಪನ್ ವಾಟರ್ ಅಭ್ಯಾಸ ಆ ಆಳದಲ್ಲಿ ಇಬ್ರಿಗೂ ಸಾಲಲ್ಲ, ಗೇಜ್ 100 ತೋರಿಸಿದ ತಕ್ಷಣ ಹೊರಡ್ಬೇಕು. ಇದನ್ನ ಅವರವರ ಕೈಯಲ್ಲೇ ಬರೆದು ಲೆಕ್ಕ ಹಾಕ್ಸಿ, ನೀವು ಬೋರ್ಡ್ ಮೇಲೆ ಬರೆದ್ರೆ ಯಾರ ತಲೆಗೂ ಹೋಗಲ್ಲ.

ಪ್ಯಾಡಿ ನಿಯಮದಲ್ಲಿ ಒಬ್ಬ ಇನ್‌ಸ್ಟ್ರಕ್ಟರ್‌ಗೆ 8 ಜನರವರೆಗೆ ಬಿಡ್ತಾರೆ, ಆದ್ರೆ ನಾನು ನಾಲ್ಕಕ್ಕೇ ನಿಲ್ಲಿಸ್ತೀನಿ. ಖರ್ಚು ತಲೆಗೆ ಜಾಸ್ತಿ ಬೀಳತ್ತೆ ಅಂತ ಗೊಣಗ್ತಾರೆ, ಗೊಣಗ್ಲಿ. ಮೆಡಿಕಲ್ ಫಾರ್ಮ್ ಮೂರು ವಾರ ಮುಂಚೆನೇ ಕಳಿಸಿ, ಒಂದು "ಹೌದು" ಬಂದ್ರೂ ಡಾಕ್ಟರ್ ಸಹಿ ಬೇಕಾಗ್ಬಹುದು, ಹಿಂದಿನ ದಿನ ಡಾಕ್ಟರ್ ಹುಡುಕೋಕೆ ಆಗಲ್ಲ.

ಮಳೆಗಾಲದಲ್ಲಿ ನೇತ್ರಾಣಿ ಕಡೆ ಡೈವಿಂಗ್ ಇರಲ್ಲ, ನಾನು ಡಿಸೆಂಬರ್, ಜನವರಿ ಹಿಡಿಯೋದು. ದಡದಿಂದ 19 ಕಿಲೋಮೀಟರ್ ದೂರ, ಬೋಟಲ್ಲಿ ಒಂದು ಒಂದೂವರೆ ಗಂಟೆ, ವಾಂತಿ ಆಗೋರು ಇದ್ದೇ ಇರ್ತಾರೆ, ಬೆಳಗ್ಗೆ ಇಡ್ಲಿ ಸಾಕು ಅಂತ ಹೇಳಿ, ಮಸಾಲೆ ದೋಸೆ ವಾಪಸ್ ಬಂದ್ಮೇಲೆ. ಡೈವ್ ಸೆಂಟರ್‌ಗೆ ಮುಂಚೆನೇ ಫೋನ್ ಮಾಡಿ ಕೇಳ್ಬೇಕಾದ್ದು ರೇಟ್ ಅಲ್ಲ, ಬೋಟಲ್ಲಿ ಆಕ್ಸಿಜನ್ ಕಿಟ್ ಇದ್ಯಾ, ಅದನ್ನ ಉಪಯೋಗ್ಸೋಕೆ ಬರೋರು ಬೋಟಲ್ಲೇ ಇರ್ತಾರಾ, ಡಿಕಂಪ್ರೆಷನ್ ತೊಂದ್ರೆ (ಒತ್ತಡ ಇಳಿದಾಗ ಮೈಯೊಳಗೆ ಗುಳ್ಳೆ ಆಗೋದು) ಆದ್ರೆ ಒತ್ತಡ ಕೊಟ್ಟು ಚಿಕಿತ್ಸೆ ಮಾಡೋ ಯಾವ ಚೇಂಬರ್‌ಗೆ ಕರ್ಕೊಂಡ್ ಹೋಗ್ತೀರಾ, ಈ ಮೂರು. ಉತ್ತರ ತಡವರಿಸಿದ್ರೆ ಬೇರೆ ಸೆಂಟರ್ ನೋಡಿ.

ಜನ ಮರೆಯೋದು ವಾಪಸ್ ಬರೋ ದಾರಿ. ಡೈವ್ ಆದ್ಮೇಲೆ ಫ್ಲೈಟ್ ಹತ್ಬಾರ್ದು ಅಂತ ಎಲ್ರಿಗೂ ಗೊತ್ತು, ಆದ್ರೆ ಡೈವರ್‌ಗಳ ಸುರಕ್ಷತೆ ನೋಡೋ ಡ್ಯಾನ್ ಸಂಸ್ಥೆ ಹೇಳೋ ಕಾಯೋ ಅವಧಿ ಸಮುದ್ರಮಟ್ಟದಿಂದ 2000 ಅಡಿ ಎತ್ತರದಿಂದನೇ ಶುರು, ಬೆಂಗಳೂರು ಇರೋದು ಸುಮಾರು 3000 ಅಡಿ ಮೇಲೆ. ಒಂದಕ್ಕಿಂತ ಜಾಸ್ತಿ ಡೈವ್ ಮಾಡಿದ್ರೆ 18 ಗಂಟೆ ಕಾಯ್ಬೇಕು. ಭಾನುವಾರ ಮಧ್ಯಾಹ್ನ ಡೈವ್ ಮುಗಿಸಿ ಕಾರ್ ಹತ್ತಿದ್ರೆ ರಾತ್ರಿನೇ ಬೆಂಗಳೂರು, ಅದು ಆಗಲ್ಲ. ಅದಕ್ಕೆ ನನ್ನ ಗುಂಪಿಗೆ ಹೆಸರು ಕೊಡೋವಾಗ್ಲೇ ಸೋಮವಾರ ರಜೆ ಹಾಕಿದೀರಾ ಅಂತ ಕೇಳ್ತೀನಿ, ಇಲ್ಲ ಅಂದ್ರೆ ಸೀಟ್ ಇಲ್ಲ.