ಮಿಕ್ಸಿಯಲ್ಲೇ ಪೀನಟ್ ಬಟರ್: ರುಚಿ ಇರುವುದು ಹುರಿಯುವುದರಲ್ಲಿ

ಬೆಳಗ್ಗೆ ಒಲೆ ಹಚ್ಚದೆ ತಿಂಡಿ ಆಗಬೇಕು, ಮಧ್ಯಾಹ್ನದ ಊಟದವರೆಗೆ ಹೊಟ್ಟೆ ತಡೆಯಬೇಕು ಅನ್ನುವವರಿಗೆ ಪೀನಟ್ ಬಟರ್ ಚೆನ್ನಾಗಿ ಒದಗುತ್ತದೆ. ಎರಡು ಟೇಬಲ್ ಚಮಚದಲ್ಲಿ, ಅಂದರೆ ಸುಮಾರು 32 ಗ್ರಾಂನಲ್ಲಿ, 7 ಗ್ರಾಂ ಪ್ರೋಟೀನ್, 16 ಗ್ರಾಂ ಕೊಬ್ಬು ಇರುತ್ತದೆ. ಬೇಗ ಹಸಿವಾಗದಿರುವುದಕ್ಕೆ ಕಾರಣ ಇದೇ. ಅರ್ಧ ಕೆಜಿ ಕಡಲೆಬೀಜ ಇದ್ದರೆ ಇಬ್ಬರಿಗೆ ವಾರಕ್ಕಾಗುವಷ್ಟು ಮನೆಯಲ್ಲೇ ಮಾಡಿಕೊಳ್ಳಬಹುದು.

ಮೊದಲು ಬೀಜ ಆರಿಸಿ. ಸುಕ್ಕಾದದ್ದು, ಕಪ್ಪಾದದ್ದು, ಬೂಷ್ಟು ಹಿಡಿದದ್ದು, ಮುಗ್ಗಲು ವಾಸನೆಯದು ಯಾವುದೂ ಬೇಡ. ಬೂಷ್ಟಿನಿಂದ ಬರುವ ಅಫ್ಲಾಟಾಕ್ಸಿನ್ ಎಂಬ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ. ಎಷ್ಟೇ ಅವಸರವಿದ್ದರೂ ಈ ಕೆಲಸ ಬಿಡಬೇಡಿ.

ದಪ್ಪ ತಳದ ಬಾಣಲೆಯಲ್ಲಿ, ಸಣ್ಣ ಉರಿಯಲ್ಲಿ, ಕೈಬಿಡದೆ ಆಡಿಸುತ್ತಾ 15ರಿಂದ 20 ನಿಮಿಷ ಹುರಿಯಿರಿ. ಉರಿ ಜಾಸ್ತಿಯಾದರೆ ಹೊರಗೆ ಸೀಯುತ್ತದೆ, ಒಳಗೆ ಹಸಿಯಾಗೇ ಉಳಿಯುತ್ತದೆ. ಆಮೇಲೆ ಎಷ್ಟು ರುಬ್ಬಿದರೂ ಆ ಹಸಿ ವಾಸನೆ ಹೋಗದು. ಒಂದು ಬೀಜವನ್ನು ಎರಡು ಹೋಳು ಮಾಡಿ ನೋಡಿ, ಒಳಗೂ ತಿಳಿ ಹೊಂಬಣ್ಣ ಬಂದಿರಬೇಕು. ಬಂದ ಕೂಡಲೇ ಅಗಲ ತಟ್ಟೆಗೆ ಸುರಿಯಿರಿ. ಬಾಣಲೆಯಲ್ಲೇ ಬಿಟ್ಟರೆ ಆ ಕಾವಿಗೆ ಇನ್ನೂ ಹುರಿದು ಕಹಿಯಾಗುತ್ತದೆ. ಓವನ್ ಇದ್ದವರು 160 ಡಿಗ್ರಿಯಲ್ಲಿ 20–25 ನಿಮಿಷ ಇಟ್ಟು, ನಡುವೆ ಎರಡು ಸಲ ಕೈಯಾಡಿಸಿದರೆ ಸಾಕು.

ಬಟ್ಟೆಯಲ್ಲಿ ಉಜ್ಜಿ, ಮೊರದಲ್ಲಿ ಕೇರಿ ಸಿಪ್ಪೆ ತೆಗೆಯಿರಿ. ಅಲ್ಲಲ್ಲಿ ಒಂದಿಷ್ಟು ಉಳಿದರೆ ತೊಂದರೆಯಿಲ್ಲ, ಪೂರ್ತಿ ಉಳಿದರೆ ಒಗರು.

ರುಬ್ಬುವಾಗ ಬೀಜ ಉಗುರುಬೆಚ್ಚಗಿರಲಿ. ಬಿಸಿ ಬಿಸಿ ಹಾಕಿದರೆ ಮುಚ್ಚಳದಲ್ಲಿ ಹಬೆ ಕಟ್ಟಿ ನೀರು ತೊಟ್ಟಿಕ್ಕುತ್ತದೆ. ಜಾರ್ ಒಣಗಿರಬೇಕು, ಅರ್ಧಕ್ಕಿಂತ ಹೆಚ್ಚು ತುಂಬಬಾರದು. 30 ಸೆಕೆಂಡು ತಿರುಗಿಸಿ, ಒಂದು ನಿಮಿಷ ನಿಲ್ಲಿಸಿ, ಅಂಚಿಗೆ ಅಂಟಿದ್ದನ್ನು ಕೆಳಗೆ ತಳ್ಳಿ. ಇಲ್ಲದಿದ್ದರೆ ಮೋಟಾರ್ ಕಾಯುತ್ತದೆ. ಮೊದಲು ರವೆಯಂತೆ ಆಗುತ್ತದೆ, ಆಮೇಲೆ ಒದ್ದೆ ಪುಡಿ, ಆಮೇಲೆ ಒಂದೇ ಮುದ್ದೆಯಾಗಿ ಬ್ಲೇಡಿನ ಸುತ್ತ ಕೂರುತ್ತದೆ. ಹೆಚ್ಚಿನವರು ಕೆಡಿಸಿಕೊಳ್ಳುವುದು ಇಲ್ಲೇ: ತಿರುಗುತ್ತಿಲ್ಲವೆಂದು ನೀರು ಹಾಕಿಬಿಡುತ್ತಾರೆ. ನೀರು ಬಿದ್ದರೆ ಸಡಿಲವಾಗುವ ಬದಲು ಗಟ್ಟಿಯಾಗುತ್ತದೆ, ಬೇಗ ಹಳಸುತ್ತದೆ. ತಾಳ್ಮೆಯಿಂದ ಇನ್ನೂ ಮೂರ್ನಾಲ್ಕು ಸುತ್ತು ರುಬ್ಬಿ. ಬೀಜದ ತೂಕದಲ್ಲಿ ಹತ್ತಿರಹತ್ತಿರ ಅರ್ಧ ಎಣ್ಣೆಯೇ. ಅದು ಬಿಟ್ಟುಕೊಂಡ ಕೂಡಲೇ ಮುದ್ದೆ ತಾನಾಗಿ ಕರಗಿ ಹೊಳೆಯತೊಡಗುತ್ತದೆ. ಆಗಲೂ ಬ್ಲೇಡು ಸಿಕ್ಕಿಕೊಂಡರೆ ಮಾತ್ರ ಒಂದೆರಡು ಟೀ ಚಮಚ ಕಡಲೆಕಾಯಿ ಎಣ್ಣೆ ಹಾಕಿ.

ಅರ್ಧ ಕೆಜಿಗೆ ಅರ್ಧ ಟೀ ಚಮಚ ಉಪ್ಪು ಸಾಕು. ಸಿಹಿ ಬೇಕಿದ್ದರೆ ಒಣ ಬೆಲ್ಲದ ಪುಡಿಯನ್ನು ಕೊನೆಗೆ ಸೇರಿಸಿ. ಪಾಕ ಹಾಕಬೇಡಿ, ಅದರಲ್ಲೂ ನೀರಿದೆ.

ಒಂದೆರಡು ದಿನಕ್ಕೆ ಎಣ್ಣೆ ಮೇಲೆ ತೇಲುತ್ತದೆ. ಕೆಟ್ಟಿದೆ ಅಂದುಕೊಂಡು ಚೆಲ್ಲಬೇಡಿ, ತಳದಿಂದ ಕಲಕಿ. ಅಂಗಡಿಯ ಎಷ್ಟೋ ಡಬ್ಬಿಗಳಲ್ಲಿ ಎಣ್ಣೆ ತೇಲದಿರುವುದು ಹೈಡ್ರೋಜನೀಕರಿಸಿದ ಕೊಬ್ಬು, ಅಂದರೆ ವನಸ್ಪತಿಯಂತೆ ಗಟ್ಟಿಯಾಗಿಸಿದ ಎಣ್ಣೆ, ಬೆರೆಸುವುದರಿಂದ. ಅಮೆರಿಕದಲ್ಲಿ 1920ರ ದಶಕದಲ್ಲಿ ಬಂದ ಉಪಾಯ ಅದು. ಮನೆಯದನ್ನು ಕಲಕಿ ಫ್ರಿಜ್‌ನಲ್ಲಿಟ್ಟರೆ ಎಣ್ಣೆ ಬೇರೆಯಾಗುವುದು ಕಡಿಮೆ, ಒಂದೆರಡು ತಿಂಗಳು ಕೆಡುವುದೂ ಇಲ್ಲ. ಕಮಟು ವಾಸನೆ ಬಂದರೆ ಮಾತ್ರ ಎಸೆಯಿರಿ.

ಬ್ರೆಡ್, ಬಿಸಿ ಚಪಾತಿಯ ಮೇಲೆ ಸವರಿ ಬಾಳೆಹಣ್ಣಿನ ಬಿಲ್ಲೆ ಇಡುವುದು ಎಲ್ಲರಿಗೂ ಗೊತ್ತು. ರಾಗಿ ಗಂಜಿಗೆ ಹಾಕಿಯೂ ನೋಡಿ. ನೇರ ಹಾಕಿದರೆ ಗಂಟುಗಂಟಾಗುತ್ತದೆ. ಒಂದು ಚಮಚವನ್ನು ಬಟ್ಟಲಿಗೆ ಹಾಕಿ, ಬಿಸಿನೀರು ಸ್ವಲ್ಪಸ್ವಲ್ಪವೇ ಬೆರೆಸಿ ತಿರುವಿ. ಮೊದಲು ಬಿಗಿಯುತ್ತದೆ, ಮೂರನೇ ಚಮಚ ನೀರಿಗೆ ಬಿಳಿಚಿಕೊಂಡು ನುಣ್ಣಗಾಗುತ್ತದೆ. ಅದನ್ನು ಗಂಜಿಗೆ ಸುರಿಯಿರಿ. ಚಿಕ್ಕ ಮಕ್ಕಳಿಗೂ ಹೀಗೆ ತೆಳುವಾಗಿಸಿಯೇ ಕೊಡಬೇಕು, ಗಟ್ಟಿ ಪೀನಟ್ ಬಟರ್ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಮೊದಲ ಸಲ ಕೊಡುವಾಗ ಚಮಚದ ತುದಿಯಷ್ಟೇ ಕೊಟ್ಟು ಅಲರ್ಜಿ ಇದೆಯೇ ಎಂದು ಗಮನಿಸಿ. ಮಗುವಿಗೆ ತೀವ್ರ ಎಕ್ಸಿಮಾ (ಚರ್ಮ ಕೆಂಪಾಗಿ ತುರಿಸುವ ಕಾಯಿಲೆ) ಅಥವಾ ಮೊಟ್ಟೆಯ ಅಲರ್ಜಿ ಇದ್ದರೆ ವೈದ್ಯರನ್ನು ಕೇಳಿಯೇ ಶುರುಮಾಡಿ.