ಸ್ಟೀವ್ ರೀವ್ಸ್ ನಟಿಸಿದ ‘ಹರ್ಕ್ಯುಲಿಸ್’ ಚಿತ್ರವನ್ನು ನೋಡುವ ಬಗೆ

ಗ್ರೀಕ್ ಪುರಾಣದ ವೀರ ಹರ್ಕ್ಯುಲಿಸನ ಕುರಿತು ಪಿಯೆತ್ರೊ ಫ್ರಾಂಚಿಶಿ ನಿರ್ದೇಶಿಸಿ 1958ರಲ್ಲಿ ಇಟಲಿಯಲ್ಲಿ ತೆರೆಕಂಡ ‘ಲೆ ಫಾತಿಕೆ ದಿ ಎರ್ಕೊಲೆ’ ಚಿತ್ರವನ್ನು ವಿತರಕ ಜೋಸೆಫ್ ಲೆವಿನ್ ಮರುವರ್ಷ ಅಮೆರಿಕದಲ್ಲಿ ‘ಹರ್ಕ್ಯುಲಿಸ್’ ಎಂಬ ಹೆಸರಿನಲ್ಲಿ ಭಾರೀ ಪ್ರಚಾರದೊಂದಿಗೆ ಬಿಡುಗಡೆ ಮಾಡಿದರು. ಸಂಭಾಷಣೆಯ ಸೊಗಸನ್ನು ಬಯಸಿ ಕುಳಿತವರಿಗೆ ಇದು ನಿರಾಸೆ ತರುತ್ತದೆ. ಇದು ಕಣ್ಣಿಗೆಂದೇ ಮಾಡಿದ ಚಿತ್ರ.

ಆದ್ದರಿಂದ ಮೊದಲು ಸರಿಯಾದ ಪ್ರತಿಯನ್ನು ಹುಡುಕಿಕೊಳ್ಳಿ. ಡಯಾಲಿಸ್ಕೋಪ್ ಎಂಬ ಅಗಲ ಪರದೆಯ ವಿಧಾನದಲ್ಲಿ ಇದನ್ನು ಚಿತ್ರೀಕರಿಸಲಾಗಿದ್ದು, ಹಳೆಯ ಟಿವಿಗೆ ಹೊಂದುವಂತೆ ಎರಡೂ ಬದಿ ಕತ್ತರಿಸಿದ ಪ್ರತಿಯಲ್ಲಿ ಅರ್ಧ ದೃಶ್ಯವೇ ಉಳಿದಿರುವುದಿಲ್ಲ. ಇಟಾಲಿಯನ್ ಧ್ವನಿ ಮತ್ತು ಅಡಿಬರಹ ಇರುವ ಪ್ರತಿ ಸಿಕ್ಕರೆ ಒಳ್ಳೆಯದು. ಆದರೆ ದೇಹದಾರ್ಢ್ಯ ಸ್ಪರ್ಧೆಯಲ್ಲಿ 1950ರ ಮಿಸ್ಟರ್ ಯೂನಿವರ್ಸ್ ಆಗಿದ್ದ ಅಮೆರಿಕದ ರೀವ್ಸ್ ಅವರಿಗೆ ಇಟಾಲಿಯನ್‌ನಲ್ಲಿಯೂ ಇಂಗ್ಲಿಷಿನಲ್ಲಿಯೂ ಬೇರೆಯವರೇ ಕಂಠದಾನ ಮಾಡಿದ್ದಾರೆ. ತುಟಿಗೂ ಮಾತಿಗೂ ತಾಳೆಯಾಗದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ.

ಇಟಾಲಿಯನ್ ಹೆಸರಿನ ಅರ್ಥ ‘ಹರ್ಕ್ಯುಲಿಸನ ಸಾಹಸಗಳು’ ಎಂದಾದರೂ ನೆಮಿಯಾದ ಸಿಂಹ ಮತ್ತು ಕ್ರೀಟಿನ ಗೂಳಿಯ ಪ್ರಸಂಗಗಳನ್ನು ಬಿಟ್ಟರೆ ಕಥೆ ಬಹುಪಾಲು ಜೇಸನ್ ಚಿನ್ನದ ತುಪ್ಪಳವನ್ನರಸಿ ಆರ್ಗೊ ಹಡಗಿನಲ್ಲಿ ಹೊರಡುವ ಯಾನದ್ದು. ಇಯೋಲ್ಕಸ್ಸಿನ ದೊರೆ ಪೀಲಿಯಸ್, ಅವನ ಮಗಳು ಇಯೋಲೆ, ಸಿಂಹಾಸನದ ನಿಜವಾದ ವಾರಸುದಾರ ಜೇಸನ್ ಎಂಬಷ್ಟು ತಿಳಿದಿದ್ದರೆ ಸಾಕು.

ಎರಡು ದೃಶ್ಯಗಳನ್ನು ಮರಳಿ ಮರಳಿ ನೋಡಿ. ಆರಂಭದಲ್ಲಿ, ಹಿಡಿತ ತಪ್ಪಿದ ಇಯೋಲೆಯ ರಥವನ್ನು ತಡೆಯಲು ನಾಯಕ ಮರವನ್ನೇ ಬುಡಸಮೇತ ಕಿತ್ತು ದಾರಿಗಡ್ಡ ಹಾಕುತ್ತಾನೆ. ಕೊನೆಯಲ್ಲಿ ಅರಮನೆಯ ಕಂಬಗಳಿಗೆ ಸರಪಳಿ ಬಿಗಿದು, ಕಟ್ಟಡವೇ ಸೈನಿಕರ ಮೇಲೆ ಕುಸಿಯುವಂತೆ ಎಳೆಯುತ್ತಾನೆ. ಸರಪಳಿ ಬಿಗಿಯಾಗುವಾಗ ಮುಖವನ್ನು ಬಿಟ್ಟು ತೋಳು, ಬೆನ್ನುಗಳನ್ನು ಗಮನಿಸಿ, ರೀವ್ಸ್ ಅವರ ಅಭಿನಯವಿರುವುದು ಅಲ್ಲಿಯೇ. (ಕಂಬ ಕೆಡಹಿದ ಕೀರ್ತಿ ನ್ಯಾಯವಾಗಿ ಬೈಬಲಿನ ಸ್ಯಾಮ್ಸನ್‌ಗೆ ಸಲ್ಲಬೇಕು, ಚಿತ್ರ ತೆಗೆದವರಿಗೆ ಆ ಸಂಕೋಚವೇನೂ ಇದ್ದಂತಿಲ್ಲ.) ಕಂಬ ಕಲ್ಲಿನದೋ ಹಲಗೆಯದೋ ಎಂಬ ತನಿಖೆ, ನಮ್ಮ ಪೌರಾಣಿಕ ಚಿತ್ರಗಳಲ್ಲಿರುವಂತೆಯೇ, ಇಲ್ಲಿಯೂ ಅನಗತ್ಯ.

ಛಾಯಾಗ್ರಾಹಕ ಮಾರಿಯೊ ಬಾವಾ ಅವರ ಬಣ್ಣದ ಬೆಳಕು ಹಿಡಿಸಿದರೆ, ಅವರೇ ನಿರ್ದೇಶಿಸಿದ 1961ರ ‘ಎರ್ಕೊಲೆ ಅಲ್ ಚೆಂತ್ರೊ ದೆಲ್ಲಾ ತೆರ್ರಾ’ ಚಿತ್ರವನ್ನು ಮುಂದೆ ನೋಡಿ. ಅದರಲ್ಲಿ ನಾಯಕ ರೆಗ್ ಪಾರ್ಕ್, ಖಳ ಕ್ರಿಸ್ಟೊಫರ್ ಲೀ. ನನ್ನ ಮಟ್ಟಿಗೆ ಅದು ಇದಕ್ಕಿಂತಲೂ ಮೇಲಿನ ಚಿತ್ರ. ಇಂಗ್ಲಿಷ್ ಶೀರ್ಷಿಕೆಯನ್ನು ಮಾತ್ರ ನಂಬಬೇಡಿ, ಏಕೆಂದರೆ 1914ರ ‘ಕಬೀರಿಯಾ’ದಲ್ಲಿ ಹುಟ್ಟಿದ ಮಚಿಸ್ತೆ ಎಂಬ ವೀರನ ಹಲವು ಚಿತ್ರಗಳು ಅಮೆರಿಕದಲ್ಲಿ ಹರ್ಕ್ಯುಲಿಸ್, ಸ್ಯಾಮ್ಸನ್ ಎಂಬ ಹೆಸರುಗಳಲ್ಲಿ ಮಾರಾಟವಾಗಿವೆ. ರೀವ್ಸ್ ಹರ್ಕ್ಯುಲಿಸನಾಗಿ ನಟಿಸಿರುವುದು ಈ ಚಿತ್ರದಲ್ಲಿ ಮತ್ತು 1959ರ ಅದರ ಮುಂದುವರಿದ ಭಾಗದಲ್ಲಿ ಮಾತ್ರ.