ಬ್ರೆಡ್ ಬಟ್ಟಲು ಸೋರದಂತೆ ಬೀಫ್ ಸ್ಟ್ಯೂ ಬಡಿಸಿದ ಬಗೆ

ಮಂಗಳೂರಿನ ನಮ್ಮ ಮನೆಯಲ್ಲಿ ಕ್ರಿಸ್ಮಸ್ ರಾತ್ರಿ ಬ್ರೆಡ್ ಬಟ್ಟಲಲ್ಲಿ, ಅಂದರೆ ತಿರುಳು ತೆಗೆದ ಗುಂಡು ಬ್ರೆಡ್ಡಿನೊಳಗೆ, ಬಡಿಸಿದ ಬೀಫ್ ಸ್ಟ್ಯೂ ಐದೇ ನಿಮಿಷದಲ್ಲಿ ತಟ್ಟೆಗೆ ಸೋರಿದಾಗ ಅಮ್ಮನ ಮುಖ ಬಾಡಿತು. ಗುಂಡು ಬ್ರೆಡ್ ತೀರಾ ಮೆತ್ತಗಿತ್ತು, ಸ್ಟ್ಯೂ ನೀರಾಗಿತ್ತು. ಮುಂದಿನ ಭಾನುವಾರ ಹಿಂದಿನ ದಿನದ ಬ್ರೆಡ್ಡನ್ನೇ ಆರಿಸಿ, ಸುತ್ತಲೂ 2 ಸೆಂಟಿಮೀಟರ್ ದಪ್ಪ ಉಳಿಯುವಂತೆ ತಿರುಳು ತೆಗೆದು, ಒಳಗೆಲ್ಲ ಬೆಣ್ಣೆ ಸವರಿ, 180 ಡಿಗ್ರಿ ಸೆಲ್ಸಿಯಸ್ ಬಿಸಿಯ ಓವನ್‌ನಲ್ಲಿ 10 ನಿಮಿಷ ಗರಿಗರಿಯಾಗಿಸಿದೆ. ಬೆಣ್ಣೆಯ ಜಿಡ್ಡು ನೀರು ಬೇಗ ಇಳಿಯದಂತೆ ತಡೆಯುತ್ತದೆ. ಕುಕ್ಕರ್ ಬಿಟ್ಟು ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಎರಡೂವರೆ ಗಂಟೆ ಬೇಯಿಸಿದ್ದರಿಂದ ಕಾಲಿನ ಮಾಂಸದ ಕೊಲ್ಯಾಜನ್ ಎಂಬ ಗಟ್ಟಿ ನಾರಿನಂಥ ಪ್ರೋಟೀನ್ ಅಂಟಂಟಾದ ಜೆಲಟಿನ್ ಆಗಿ ಕರಗಿ ರಸ ಮಂದವಾಯಿತು. ಬೆಂದ ಎರಡು ಆಲೂಗಡ್ಡೆ ಹಿಸುಕಿ ಸೇರಿಸಿದ ಮೇಲೆ ಅದು ಚಮಚಕ್ಕೆ ಅಂಟುವಷ್ಟು ಗಟ್ಟಿಯಾಯಿತು. ಉಣ್ಣುವ ಹೊತ್ತಿಗಷ್ಟೇ ತುಂಬಿಸಿದ ಬಟ್ಟಲು ಕೊನೆಯ ತುತ್ತಿನವರೆಗೂ ಸೋರಲಿಲ್ಲ. ತೆಗೆದ ತಿರುಳನ್ನು ಅಮ್ಮ ಒಣಗಿಸಿ ಕಟ್ಲೆಟ್‌ಗೆಂದು ಎತ್ತಿಟ್ಟರು.